ಆ ಹಾಡಿಗೆ ನಾನೂ ನಕ್ಕಿದ್ದೆ

ಡಿಸೆಂಬರ್ ಬಂತು ಅಂದರೆ ಇಲ್ಲಿ ಅಮೆರಿಕದಲ್ಲಿ ಅಂಗಡಿ, ಕಾರು, ಆಫೀಸಿನ ಲಿಫ್ಟು, ಎಲ್ಲೆಲ್ಲೂ ಕ್ರಿಸ್‌ಮಸ್ ಹಾಡು. ಅದರಲ್ಲಿ ಭಕ್ತಿಗೀತೆಗಳಷ್ಟೇ ಅಲ್ಲ, ತಮಾಷೆ ಹಾಡುಗಳೂ ಅಣಕವಾಡುಗಳೂ ಬೇಕಾದಷ್ಟಿವೆ. ನಮಗೇನೂ ಇದು ಹೊಸದಲ್ಲ ಬಿಡಿ. ಕೈಲಾಸಂ ಅವರ ‘ಕೋಳೀಕೆರಂಗ’ ಹುಟ್ಟಿದ್ದೂ ಒಂದು ಇಂಗ್ಲಿಷ್ ಹಾಡಿನ ಜಾಡಿನಲ್ಲೇ.

ಈ ಸಲ ನಿಮ್ಮ ಮುಂದೆ ಒಂದು ಪ್ರಶ್ನೆ ಇಡ್ತೀನಿ. ನಾವು ಯಾರನ್ನು ನೋಡಿ ನಗ್ತೀವೋ ಅವರೂ ನಕ್ಕುಬಿಟ್ಟರೆ, ಆ ನಗುವಿನಲ್ಲಿ ತಪ್ಪಿಲ್ಲ ಅಂತ ಆಯ್ತಾ?

1944ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಮಿತ್‌ಟೌನ್ ಎಂಬ ಊರಲ್ಲಿ ಡೊನಾಲ್ಡ್ ಗಾರ್ಡ್ನರ್ ಅನ್ನೋ ಮೇಷ್ಟ್ರು ಎರಡನೇ ಕ್ಲಾಸಿನ ಮಕ್ಕಳನ್ನು ‘ಕ್ರಿಸ್‌ಮಸ್‌ಗೆ ಏನು ಬೇಕು?’ ಅಂತ ಕೇಳಿದರು. ಬಹಳಷ್ಟು ಮಕ್ಕಳಿಗೆ ಮುಂದಿನ ಹಲ್ಲು ಬಿದ್ದಿತ್ತು, ಉತ್ತರವೆಲ್ಲ ತೊದಲು. ಎರಡು ಮುಂದಿನ ಹಲ್ಲು ಬೇಕು ಅನ್ನೋ ಮಗುವಿನ ಹಾಡು ಹುಟ್ಟಿದ್ದು ಹಾಗೆ. 1948ರಲ್ಲಿ ಸ್ಪೈಕ್ ಜೋನ್ಸ್ ತಂಡದ ರೆಕಾರ್ಡಿನಿಂದ ಅದು ದೇಶಕ್ಕೆಲ್ಲ ಗೊತ್ತಾಯಿತು. ಅಲ್ಲಿ ನಗುವವರಿಗೂ ಒಂದು ಕಾಲಕ್ಕೆ ಹಲ್ಲು ಬಿದ್ದೇ ಇತ್ತು. ಹಾಗಾಗಿ ಆ ನಗು ಯಾರಿಗೂ ಚುಚ್ಚೋದಿಲ್ಲ.

1960ರಲ್ಲಿ ಲೂ ಮಾಂಟಿ ‘ಡಾಮಿನಿಕ್ ದ ಡಾಂಕಿ’ ಹಾಡಿದರು. ಇಟಲಿಯ ಗುಡ್ಡಗಳನ್ನು ಹಿಮಸಾರಂಗ ಹತ್ತಲಾರದು, ಅದಕ್ಕೇ ಸಾಂತಾ ಕತ್ತೆಯನ್ನು ಕರೆದುಕೊಂಡು ಹೋಗ್ತಾನೆ ಅನ್ನೋ ತಮಾಷೆ ಅದು. ಮಾಂಟಿ ಸ್ವತಃ ಇಟಲಿ ಮೂಲದವರು. ತಮ್ಮ ಜನರ ಆಡುಮಾತನ್ನು ಹಾಡಿಗೆ ಸೇರಿಸಿ, ತಮ್ಮವರ ಜೊತೆಗೇ ನಕ್ಕರು.

ಇಲ್ಲಿಗೆ ಉತ್ತರ ಸಿಕ್ಕಿತು ಅನ್ನಿಸುತ್ತೆ: ನಗೆಗೆ ಗುರಿಯಾದವರೇ ಹಾಡಿಕೊಂಡರೆ ತಪ್ಪಿಲ್ಲ. ನಾನೂ ಬಹಳ ದಿನ ಹಾಗೇ ನಂಬಿದ್ದೆ.

‘ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’ಗೆ ಲೆಕ್ಕವಿಲ್ಲದಷ್ಟು ಅಣಕವಾಡುಗಳಿವೆ. ಭಾರತೀಯರ ಇಂಗ್ಲಿಷ್ ಉಚ್ಚಾರವನ್ನು ಎಳೆದೆಳೆದು ಹಾಡಿದ್ದೂ ಒಂದಿದೆ, ನೀವೂ ಕೇಳಿರಬಹುದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಳಿಸಿದವನು ನಾನೇ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದೂ ನಾನೇ. ‘ಇವನು ತಮಾಷೆ ತಡ್ಕೋತಾನೆ’ ಅಂತ ಅವರಿಗೆ ಅನ್ನಿಸಲಿ, ಅಷ್ಟೇ ಬೇಕಿತ್ತು ನನಗೆ.

ಹೋದ ವರ್ಷ ಮಗಳು ಶಾಲೆಯಿಂದ ಬಂದವಳೇ ಅದೇ ಹಾಡು ಹಾಡಿದಳು. ಫ್ರೆಂಡ್ಸ್ ಎಲ್ಲ ನಕ್ಕರಂತೆ, ಇವಳೂ ನಕ್ಕಳಂತೆ. ಆಮೇಲೆ ಮೆಲ್ಲಗೆ ಕೇಳಿದಳು: “ಅಪ್ಪಾ, ಅಜ್ಜಿ ಮಾತಾಡೋದು ಹೀಗೇ ಅಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ.

ಅವತ್ತಿನಿಂದ ನನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಂಡಿದ್ದೀನಿ. ‘ಅವರೂ ನಕ್ಕರಾ?’ ಅಂತ ಕೇಳಿದರೆ ಸಾಲದು. ‘ನಗದೇ ಇದ್ದಿದ್ದರೆ ಅವರಿಗೆ ಏನಾಗ್ತಿತ್ತು?’ ಅಂತಲೂ ಕೇಳಬೇಕು. ಮಾಂಟಿಯ ಕತ್ತೆಗೆ ನಗದ ಇಟಲಿಯವನು ತನ್ನವರ ನಡುವೆ ಹೆಚ್ಚೆಂದರೆ ಸಿಡುಕ ಅನ್ನಿಸಿಕೊಂಡಾನು. ನಾನು ನಗದಿದ್ದರೆ ಊಟದ ಮೇಜಿನಲ್ಲಿ ನನ್ನ ಕುರ್ಚಿ ಹೋಗುತ್ತೆ ಅನ್ನೋ ಹೆದರಿಕೆ ಇತ್ತು. ಹೆದರಿ ನಕ್ಕ ನಗುವನ್ನು ಒಪ್ಪಿಗೆ ಅನ್ನಲಾದೀತೇ?

ಹಾಗಂತ ಆ ಹಾಡನ್ನು ನಿಲ್ಲಿಸಿ ಅಂತ ನಾನು ಹೇಳೋದಿಲ್ಲ. ಅದೇ ಹಾಡಿಗೆ ಮನಸಾರೆ ನಗುವ ಕನ್ನಡಿಗರೂ ಇದ್ದಾರೆ, ಅವರ ನಗು ಸುಳ್ಳಲ್ಲ. ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟೇ: “ಹೌದು ಪುಟ್ಟಿ, ಅಜ್ಜಿ ಹಾಗೇ ಮಾತಾಡ್ತಾರೆ, ನಾನೂ ಹಾಗೇ. ನಗು ಬಂದರೆ ನಗು. ಬರದಿದ್ದರೆ ಸುಮ್ಮನಿರು, ಪರವಾಗಿಲ್ಲ.”

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಯಾರಾದರೂ ಹೇಳಿದ್ದರಾ?