ರಹಸ್ಯವೂ ಒಂದು ನ್ಯಾಸ

ಸಹಿ ಹಾಕದವನನ್ನು ರಹಸ್ಯವು ಬಂಧಿಸುವುದೆ? 2024ರಲ್ಲಿ ಅಮೆರಿಕೆಯ ವಾಲ್ವ್ ಸಂಸ್ಥೆಯು, ತಾನಿನ್ನೂ ಘೋಷಿಸದಿದ್ದ 'ಡೆಡ್‌ಲಾಕ್' ಎಂಬ ವೀಡಿಯೊ ಆಟದ ಪರೀಕ್ಷೆಗೆ ಆಟಗಾರರನ್ನು ಆಹ್ವಾನಿಸಿತು. ಬಂದವರು ತಮ್ಮ ಗೆಳೆಯರನ್ನೂ ಕರೆತರಬಹುದಿತ್ತು. ಸಹಿಯ ಕರಾರು ಇರಲಿಲ್ಲ; ಯಾರಿಗೂ ತಿಳಿಸಬೇಡಿರೆಂಬ ಕೋರಿಕೆ ಮಾತ್ರ ಪರದೆಯ ಮೇಲೆ ಮೂಡುತ್ತಿತ್ತು. ಆಗಸ್ಟ್ ತಿಂಗಳಲ್ಲಿ ಪತ್ರಕರ್ತರೊಬ್ಬರು, ತಾವು ಯಾವ ಕರಾರಿಗೂ ಒಪ್ಪಿಲ್ಲವೆಂದು ಹೇಳಿ, ಆಟದ ವಿವರಗಳನ್ನು ಪ್ರಕಟಿಸಿದರು. ಸಂಸ್ಥೆಯು ಅವರನ್ನು ಪಂದ್ಯಗಳಿಂದ ಹೊರಗಿಟ್ಟಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಏಕಾಂತದ ಸಂಗತಿಯನ್ನು ಬಯಲುಮಾಡುವ ರಹೋಭ್ಯಾಖ್ಯಾನವೂ, ನಂಬಿ ಒಪ್ಪಿಸಿದ ಇಡುಗಂಟನ್ನು ಕಬಳಿಸುವ ನ್ಯಾಸಾಪಹಾರವೂ ಅವುಗಳಲ್ಲಿ ಸೇರಿವೆ. ಇಡುಗಂಟಿಗೆ ಪತ್ರವಿಲ್ಲದಿದ್ದರೂ ಒಡೆತನ ಇಟ್ಟವನದೇ. ನಂಬಿ ತೋರಿಸಿದ ಅಪೂರ್ಣ ಕೃತಿಯೂ ಅಂತಹ ನ್ಯಾಸವೇ ಅಲ್ಲವೆ?

ಸಾವಿರಾರು ಜನರು ಬಲ್ಲದ್ದು ರಹಸ್ಯವೆ, ಓದುಗರಿಗೆ ತಿಳಿಸುವುದು ಪತ್ರಕರ್ತನ ಧರ್ಮವಲ್ಲವೆ ಎಂಬ ಆಕ್ಷೇಪಕ್ಕೂ ಬಲವುಂಟು. ಆದರೆ ಶ್ರಾವಕನು ಮೊದಲು ಕೇಳಿಕೊಳ್ಳಬೇಕಾದುದು ಬೇರೆ: ತಾನು ನುಡಿದರೆ ಯಾರ ಹಿಂಸೆ ತಪ್ಪುತ್ತದೆ? ಕುತೂಹಲವಷ್ಟೇ ತಣಿಯುವುದಾದರೆ ಮೌನವೇ ಲೇಸು. ಅನ್ಯಾಯವನ್ನು ಮುಚ್ಚಲು ಕೇಳಿದ ಮೌನವಾದರೆ, ನೂರು ಸಹಿಗಳಿದ್ದರೂ ಅದು ವ್ರತವಾಗದು.