ಮುಳುಗಿದ ಊರಿಗೆ ಯಾವ ಬಣ್ಣ

ಹೊಸಹಳ್ಳಿಯಲ್ಲಿ ಮನೆ ಕಟ್ಟಿಸಿದ ನನ್ನ ಸೋದರಮಾವನ ಮಗ, ಗೃಹಪ್ರವೇಶಕ್ಕೆ ಒಂದು ತಿಂಗಳಿರುವಾಗ ಫೋನು ಮಾಡಿದ. ಬೆಂಗಳೂರಿನಲ್ಲಿ ಯಾರದೋ ಮನೆಯ ಗೋಡೆಯ ಮೇಲೆ ಇಂಗ್ಲೆಂಡಿನ ಒಂದು ಕೌಂಟಿಯ ಹಳೆಯ ನಕ್ಷೆ ನೋಡಿದ್ದನಂತೆ. ಸುತ್ತ ಬಳ್ಳಿಯ ಅಂಚು, ಮೂಲೆಯಲ್ಲಿ ರಾಜಲಾಂಛನ, ಹಸಿರು ಗುಡ್ಡ, ನೀಲಿ ಹೊಳೆ. ಮೂಲವಲ್ಲ, ಕೈಯಿಂದ ಬಣ್ಣ ತುಂಬಿದ ನಕಲು. ‘ಅಂಥದ್ದೊಂದು ನಮ್ಮ ಬಳ್ಳಾರಿ ಜಿಲ್ಲೆದು ಮಾಡಿಕೊಡೋ, ಪಡಸಾಲೆಗೆ ಹಾಕ್ತೀನಿ’ ಎಂದ. ನಾನು ಚಿತ್ರಕಲಾ ಮೇಷ್ಟ್ರು. ಇದೇನು ಮಹಾ ಎಂದು ಒಪ್ಪಿಕೊಂಡೆ.

ಮದ್ರಾಸು ಪ್ರಾಂತ್ಯದ ಕಾಲದ ಜಿಲ್ಲಾ ನಕ್ಷೆಯೊಂದನ್ನು ದೊಡ್ಡದು ಮಾಡಿ ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿಸಿ ತಂದೆ. ಹಳೆಯದರಂತೆ ಕಾಣಲಿ ಎಂದು ಒಂದು ಹಾಳೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದೆ. ಒಣಗಿದ ಮೇಲೆ ನಿಜಕ್ಕೂ ನೂರು ವರ್ಷದ ಕಾಗದದಂತೆ ಕಂಡಿತು. ಅಲ್ಲಿ ಮೊದಲ ಸಲ ಮನಸ್ಸು ಅಳುಕಿತು. ನಾನು ಮಾಡುತ್ತಿರುವುದು ಅಲಂಕಾರವೋ, ಮೋಸವೋ?

ಆ ಕೌಂಟಿ ನಕ್ಷೆಗಳ ಕತೆ ಓದಿದರೆ ಸ್ವಲ್ಪ ಸಮಾಧಾನವಾಗುತ್ತದೆ. ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ 1579ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಕೌಂಟಿಗಳ ನಕ್ಷಾಸಂಪುಟ ತಂದ. ಸುಮಾರು ಮೂವತ್ತು ವರ್ಷಗಳ ನಂತರ ಬಂದ ಜಾನ್ ಸ್ಪೀಡನ ನಕ್ಷೆಗಳೇ ಇವತ್ತು ಗೋಡೆಗಳ ಮೇಲೆ ಹೆಚ್ಚು ಕಾಣುವಂಥವು. ಈತ ದರ್ಜಿ ಕೆಲಸದಿಂದ ಬಂದವನು. ಬಹಳಷ್ಟನ್ನು ಸ್ಯಾಕ್ಸ್‌ಟನ್ ಮುಂತಾದವರಿಂದ ತೆಗೆದುಕೊಂಡದ್ದನ್ನು ಮುಚ್ಚಿಡಲಿಲ್ಲ, ಹೇಳಿಕೊಂಡ. ತಾಮ್ರದ ತಗಡಿನಿಂದ ಅಚ್ಚಾಗುತ್ತಿದ್ದದ್ದು ಕಪ್ಪು ಗೆರೆ ಮಾತ್ರ. ಬಣ್ಣ ಕೊಂಡವರ ಖುಷಿಗೆ, ಇನ್ನೊಬ್ಬರ ಕೈಯಿಂದ, ಕೆಲವು ಸಲ ಶತಮಾನಗಳ ನಂತರ. ಅಂದರೆ ನಾವು ಮೂಲ ಎಂದು ಕರೆಯುವುದೂ ಒಂದು ನಕಲೇ. ಹಾಗಾಗಿ ಬಣ್ಣ ಹಚ್ಚುವುದರಲ್ಲಿ ತಪ್ಪಿಲ್ಲ ಎನಿಸಿತು. ಚಹಾ ಮಾತ್ರ ವಯಸ್ಸಿನ ಬಗ್ಗೆ ಸುಳ್ಳು ಹೇಳುತ್ತದೆ. ಆ ಹಾಳೆಯನ್ನು ಎತ್ತಿಟ್ಟು ಬಿಳಿ ಹಾಳೆ ತೆಗೆದುಕೊಂಡೆ.

ಕಷ್ಟ ಶುರುವಾದದ್ದು ಬಣ್ಣದ ಬಟ್ಟಲು ಮುಂದಿಟ್ಟುಕೊಂಡಾಗ. ಬ್ರಿಟಿಷ್ ಇಂಡಿಯಾದ ನಕ್ಷೆಗಳಲ್ಲಿ ಅವರ ಆಳ್ವಿಕೆಯ ಸೀಮೆಗೆ ಗುಲಾಬಿ, ಸಂಸ್ಥಾನಗಳಿಗೆ ಹಳದಿ ಹಚ್ಚುವ ರೂಢಿಯಿತ್ತು. ಆ ಲೆಕ್ಕದಲ್ಲಿ ಬಳ್ಳಾರಿ ಜಿಲ್ಲೆಯೆಲ್ಲ ಗುಲಾಬಿ, ನಡುವೆ ಸಂಡೂರು ಅರಿಸಿನದ ಬೊಟ್ಟು. ಬಲು ಚೆಂದ. ಆದರೆ ಆ ಗುಲಾಬಿ ಬಂದದ್ದು 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ಇಲ್ಲಿನ ರೈತರನ್ನು ಒಂದು ಮಾತೂ ಕೇಳದೆ. ನಾನು ಅದನ್ನು ಚೆಂದಕ್ಕೆಂದು ಹಚ್ಚುತ್ತೇನೆ, ನೋಡಿದವರೂ ಚೆಂದವಿದೆ ಎನ್ನುತ್ತಾರೆ. ಯಾರ ಮುದ್ರೆಯನ್ನು ಮೆಚ್ಚುತ್ತಿದ್ದೇವೆ ಎಂಬುದು ಇಬ್ಬರಿಗೂ ಮರೆತಿರುತ್ತದೆ.

ಇನ್ನು ಗಡಿ. ನನ್ನ ಮುಂದಿದ್ದ ನಕ್ಷೆಯಲ್ಲಿ ಆದೋನಿ, ಆಲೂರು, ರಾಯದುರ್ಗ ನಮ್ಮವೇ. 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ 2018ರಲ್ಲಿ ವಾಪಸು ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಬಳ್ಳಾರಿಯಿಂದ ಹೊರಬಂದವು. ‘ನಮ್ಮ ಬಳ್ಳಾರಿ ಜಿಲ್ಲೆ’ ಎಂದು ಕೇಳಿದ ನನ್ನ ಭಾವನ ಮನೆಯೇ ಈಗ ಬಳ್ಳಾರಿ ಜಿಲ್ಲೆಯಲ್ಲಿಲ್ಲ! ಇಂಗ್ಲೆಂಡಿನಲ್ಲೂ ರಟ್‌ಲ್ಯಾಂಡ್ ಎಂಬ ಪುಟ್ಟ ಕೌಂಟಿ 1974ರಲ್ಲಿ ಲೆಸ್ಟರ್‌ಶೈರಿನೊಳಗೆ ಸೇರಿಹೋಗಿ 1997ರಲ್ಲಿ ಮತ್ತೆ ಬೇರೆಯಾಯಿತು. ನಮ್ಮ ಹರಪನಹಳ್ಳಿ ಹೊರಟ ವರ್ಷವೇ ಅದು ಮರಳಿದ್ದು. ಹಳೆಯ ಗಡಿ ಗೋಡೆ ಏರುವುದಕ್ಕೆ ಅದನ್ನು ಕಳೆದುಕೊಂಡದ್ದೂ ಒಂದು ಕಾರಣವಿರಬೇಕು. ಆದರೆ ಅದೇ ಗೆರೆಯನ್ನು ಆದೋನಿಯ ಮನೆಯೊಂದರಲ್ಲಿ ತೂಗುಹಾಕಿದರೆ ಅದು ಅಲಂಕಾರವಾಗುತ್ತದೋ ತಕರಾರಾಗುತ್ತದೋ ಹೇಳಲಾರೆ.

ಈ ಗೊಂದಲದಲ್ಲೇ ಅರ್ಧ ಮುಗಿದ ಹಾಳೆಯನ್ನು ಹೊಸಹಳ್ಳಿಗೆ ಒಯ್ದು ತೋರಿಸಿದೆ. ಭಾವನ ತಾಯಿ, ನನ್ನ ಅತ್ತೆ, ಹುಟ್ಟಿದ್ದು ನಾರಾಯಣದೇವರಕೆರೆಯಲ್ಲಿ. ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ಆ ಊರು ಮುಳುಗಿತು, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅತ್ತೆ ಆಗ ಏಳೆಂಟು ವರ್ಷದವಳು.

‘ನಮ್ಮೂರು ಐತೇನಪ್ಪಾ ಇದರಾಗೆ?’ ಎಂದಳು.

‘ಐತತ್ತೆ. ಇಲ್ಲಿ ನೋಡ್ರಿ’ ಎಂದು ಅವಳ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ.

ಅವಳ ಕಣ್ಣು ತುಂಬುತ್ತದೆ ಎಂದುಕೊಂಡಿದ್ದೆ, ಸುಳ್ಳೇಕೆ. ಅವಳು ಬೆರಳನ್ನು ಅತ್ತಿತ್ತ ಆಡಿಸಿ, ‘ನೀರೆಲ್ಲಿ?’ ಎಂದಳು. ಇದು ಹಳೆಯ ನಕ್ಷೆ, ಆಗ ನೀರಿರಲಿಲ್ಲ ಎಂದೆ. ‘ನೀರಿಲ್ಲದಿದ್ರೆ ನಾವು ಊರು ಬಿಟ್ಟು ಯಾಕೆ ಬರ್ತಿದ್ವಿ? ಇದನ್ನ ನೋಡಿದೋರು ಊರು ಇನ್ನೂ ಐತೆ ಅಂದ್ಕೊಳ್ಳಲ್ವೇನು?’

ನನ್ನಲ್ಲಿ ಉತ್ತರವಿರಲಿಲ್ಲ. ಕಾಗದಕ್ಕೆ ನಿಷ್ಠನಾದರೆ ಅತ್ತೆಯ ಬದುಕಿನ ಅತಿ ದೊಡ್ಡ ಘಟನೆ ಆಗಲೇ ಇಲ್ಲವೆಂದು ಬರೆದಂತೆ. ನೀರು ಬಳಿದರೆ ನಕಲು ಎಂಬ ಮಾತೇ ಹೋಯಿತು. ಮದ್ರಾಸು ಸರ್ಕಾರದ ಹಳೆಯ ನಕ್ಷೆಯಲ್ಲಿ ಇಲ್ಲದ್ದನ್ನು ಇತ್ತೆಂದು ಹೇಳಿದಂತೆ. ಚಹಾಕ್ಕೆ ಹೇಸಿದವನು ಇದಕ್ಕೆ ಒಪ್ಪುವುದು ಹೇಗೆ? ಇನ್ನೊಂದು ಮಾತೂ ಇದೆ. ಆ ನೀಲಿ ಬರಿಯ ಶೋಕದ ಬಣ್ಣವಲ್ಲ. ಸಿರುಗುಪ್ಪ, ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹಸಿರಾದದ್ದು ಆ ನೀರಿನಿಂದಲೇ. ಅಲ್ಲಿಯವರು ಈ ನಕ್ಷೆ ಬರೆಸಿದರೆ ಜಲಾಶಯವನ್ನು ಎಷ್ಟು ಗಾಢವಾಗಿ ಹಚ್ಚು ಎನ್ನುತ್ತಿದ್ದರೋ.

ಭಾವ ಹಟ ಹಿಡಿದ. ಹಳೆಯದು ಹಳೆಯದರಂತೆಯೇ ಇರಬೇಕು, ಅವ್ವನಿಗೆ ಏನು ತಿಳಿಯುತ್ತೆ ಎಂದ. ನನಗೆ ಆ ಮಾತು ಹಿಡಿಸಲಿಲ್ಲ. ನಮಗೆ ಇಂಗ್ಲೆಂಡಿನ ಕೌಂಟಿ ನಕ್ಷೆ ಬರಿಯ ಚೆಂದವಾಗಿ ಕಾಣುವುದಕ್ಕೆ ಕಾರಣ, ಅದರೊಳಗೆ ಮನೆ ಕಳೆದುಕೊಂಡವರು ಯಾರೂ ನಮ್ಮ ಪಡಸಾಲೆಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿಲ್ಲ. ಇಲ್ಲಿ ಕೂತಿದ್ದಾರೆ.

ಕೊನೆಗೆ ಮಾಡಿದ್ದು ಇಷ್ಟು. ಗುಲಾಬಿ ಬಿಟ್ಟು ತೆಳು ಮಣ್ಣಿನ ಬಣ್ಣ ಹಚ್ಚಿದೆ. ಗಡಿ ಕಾಗದದಲ್ಲಿದ್ದಂತೆಯೇ, ಆದೋನಿ ಒಳಗೆ. ಜಲಾಶಯದ ಜಾಗಕ್ಕೆ, ಕೆಳಗಿನ ಅಕ್ಷರ ಓದಲು ಬರುವಷ್ಟು ತಿಳಿಯಾಗಿ ನೀಲಿಯನ್ನು ಒಂದೇ ಸಲ ಬಳಿದೆ. ಮೂಲೆಯಲ್ಲಿ ಲಾಂಛನ ಬರುವ ಕಡೆ, ಇದು ನಕಲು, ನೀರು ಆಮೇಲೆ ಸೇರಿಸಿದ್ದು ಎಂದು ಬರೆದು ತಾರೀಕು ಹಾಕಿದೆ. ಸರಿ ಮಾಡಿದೆನೆಂಬ ಧೈರ್ಯ ಇವತ್ತಿಗೂ ಇಲ್ಲ. ಹಡಗಲಿಯ ಗೆಳೆಯನೊಬ್ಬ, ಎರಡು ನಕ್ಷೆ ಮಾಡಬೇಕಿತ್ತು ಎಂದ. ಇರಬಹುದು.

ನಕ್ಷೆ ಈಗ ಟೀವಿಯ ಪಕ್ಕದ ಗೋಡೆಯಲ್ಲಿದೆ. ಬಂದವರಲ್ಲಿ ಅರ್ಧ ಜನ ಇದರ ಮೇಲೆ ನೀರು ಚೆಲ್ಲಿತೇನು ಎಂದು ಕೇಳುತ್ತಾರಂತೆ.