ತಂದೆಯ ಬಳಿಗೆ ಪ್ರವೇಶ (ಎಫೆಸ 2:11-22)

ಎಫೆಸದವರಿಗೆ ಬರೆದ ಪತ್ರ, ಎರಡನೇ ಅಧ್ಯಾಯ ತೆಗೆಯಿರಿ. ಫೋನಲ್ಲಿ ಓದೋರು ಫೋನಲ್ಲೇ ತೆಗೀರಿ, ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

14ನೇ ವಚನದಲ್ಲಿ ಪೌಲನು ಒಂದು ಅಡ್ಡಗೋಡೆಯ ಬಗ್ಗೆ ಹೇಳ್ತಾನೆ. ಕ್ರಿಸ್ತನು ಅದನ್ನು ಕೆಡವಿಬಿಟ್ಟನು ಅಂತಾನೆ. ನಾವು ಇದನ್ನು ಓದುವಾಗ ಏನೋ ಮನಸ್ಸಿನ ಗೋಡೆ ಇರಬೇಕು ಅಂದುಕೊಂಡು ಮುಂದೆ ಹೋಗಿಬಿಡ್ತೀವಿ. ಆದರೆ ಯೆರೂಸಲೇಮನ್ನು ಕಂಡಿದ್ದವರಿಗೆ ಈ ಮಾತು ಕೇಳಿದಾಗ ನಿಜವಾದ ಕಲ್ಲಿನ ಗೋಡೆಯೇ ನೆನಪಿಗೆ ಬಂದಿರಬಹುದು.

ಹೆರೋದನು ಕಟ್ಟಿಸಿದ ದೇವಾಲಯದ ಹೊರಗಿನ ಅಂಗಳಕ್ಕೆ ಯಾವ ಜನಾಂಗದವರಾದರೂ ಬರಬಹುದಿತ್ತು. ಸ್ವಲ್ಪ ಒಳಗೆ ಹೋದರೆ ಒಂದು ಕಲ್ಲಿನ ತಡೆಗೋಡೆ. ಮೂರು ಮೊಳ ಎತ್ತರ ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ, ಅಂದರೆ ಹೆಚ್ಚುಕಡಿಮೆ ನಮ್ಮ ಎದೆಮಟ್ಟ. ಅದರ ಉದ್ದಕ್ಕೂ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಯಲ್ಲಿ ಎಚ್ಚರಿಕೆಯ ಕಲ್ಲುಗಳಿದ್ದವು. ಅಂಥ ಒಂದು ಕಲ್ಲು 1871ರಲ್ಲಿ ಸಿಕ್ಕಿತು, ಇವತ್ತು ಇಸ್ತಾಂಬುಲ್‌ನ ಮ್ಯೂಸಿಯಂನಲ್ಲಿದೆ. ಅನ್ಯಜನರು ಯಾರೂ ಇದನ್ನು ದಾಟಕೂಡದು, ದಾಟಿ ಸಿಕ್ಕಿಬಿದ್ದರೆ ಅವನ ಸಾವಿಗೆ ಅವನೇ ಹೊಣೆ, ಇದು ಅದರ ತಾತ್ಪರ್ಯ.

ದೇವರನ್ನು ಹುಡುಕಿಕೊಂಡು ನೂರಾರು ಮೈಲಿ ನಡೆದು ಬಂದಿದ್ದೀರಿ, ದೇವಾಲಯ ಕಣ್ಣಿಗೆ ಕಾಣ್ತಾ ಇದೆ, ಆದರೆ ಅಲ್ಲೇ ನಿಲ್ಲಬೇಕು. ಹೊರಗೆ ನಿಲ್ಲೋದು ಅಂದರೆ ಏನು ಅಂತ ಇಲ್ಲಿ ಕೂತಿರುವ ಕೆಲವರ ಅಜ್ಜ ಅಜ್ಜಿಯರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಮಾತು, ಸೊಲೊಮೋನನು ಮೊದಲ ದೇವಾಲಯವನ್ನು ಪ್ರತಿಷ್ಠೆ ಮಾಡಿದಾಗ ದೂರದೇಶದಿಂದ ಬರುವ ಪರದೇಶಿಯ ಪ್ರಾರ್ಥನೆಯನ್ನೂ ಕೇಳಬೇಕು ಅಂತ ದೇವರನ್ನು ಬೇಡಿದ್ದನು. 1 ಅರಸುಗಳು 8ನೇ ಅಧ್ಯಾಯ, ಮನೆಗೆ ಹೋಗಿ ಓದಿ.

ಈಗ ಅಪೊಸ್ತಲರ ಕೃತ್ಯಗಳು 21ಕ್ಕೆ ಬನ್ನಿ. ಪೌಲನು ದೇವಾಲಯದಲ್ಲಿದ್ದಾನೆ. ದೇವಾಲಯದ ವಿರೋಧಿಯಾಗಿ ಅಲ್ಲ, ಶುದ್ಧಾಚಾರವನ್ನು ಪೂರೈಸೋಕೇ ಹೋಗಿದ್ದನು. ಅಷ್ಟರಲ್ಲಿ ಗಲಾಟೆ. ಇವನು ಅನ್ಯರನ್ನು ಒಳಗೆ ಕರೆತಂದು ಪವಿತ್ರಸ್ಥಳವನ್ನು ಹೊಲೆಮಾಡಿದನು ಅಂತ. ಯಾಕೆ? ಊರಲ್ಲಿ ಪೌಲನ ಜೊತೆ ತ್ರೊಫಿಮ ಅನ್ನೋವನನ್ನು ನೋಡಿದ್ದರು. ಒಳಗೆ ಅಲ್ಲ, ಊರಲ್ಲಿ! ಉಳಿದದ್ದೆಲ್ಲಾ ಊಹೆ. ಪೌಲನನ್ನು ಹೊರಗೆ ಎಳೆದು, ಬಾಗಿಲು ಮುಚ್ಚಿ, ಕೊಲ್ಲೋಕೆ ಹೊರಟಾಗ ರೋಮನ್ ಸೈನಿಕರು ಬಂದು ಬಿಡಿಸಿದರು. ಅಲ್ಲಿಂದ ಶುರುವಾಯಿತು ಸೆರೆವಾಸ. ಕೈಸರೈಯದಲ್ಲಿ ಎರಡು ವರ್ಷ, ರೋಮಿನಲ್ಲಿ ಎರಡು ವರ್ಷ.

ಈ ತ್ರೊಫಿಮ ಯಾವ ಊರಿನವನು ಗೊತ್ತಾ? 29ನೇ ವಚನ ನೋಡಿ. ಎಫೆಸದವನು.

ಎಫೆಸದವನೊಬ್ಬನನ್ನು ಗೋಡೆ ದಾಟಿಸಿದನು ಅನ್ನೋ ಆರೋಪಕ್ಕೆ ಬೇಡಿ ಹಾಕಿಸಿಕೊಂಡವನು, ಅದೇ ಎಫೆಸದವರ ಹೆಸರಿನ ಪತ್ರದಲ್ಲಿ, ಸೆರೆಯಲ್ಲಿ ಕೂತು, ಗೋಡೆ ಬಿದ್ದುಹೋಯಿತು ಅಂತ ಬರೀತಾನೆ. ಯೆರೂಸಲೇಮಿನಲ್ಲಿ ಕಲ್ಲಿನ ಗೋಡೆ ಇನ್ನೂ ನಿಂತೇ ಇತ್ತು, ಪ್ರಿಯರೇ! ಕ್ರಿ.ಶ. 70ರವರೆಗೂ ದೇವಾಲಯ ಬೀಳಲಿಲ್ಲ. ಕಣ್ಣಿಗೆ ಕಾಣುವ ಗೋಡೆ ಹಾಗೇ ಇರುವಾಗಲೇ ಪೌಲನಿಗೆ ಶಿಲುಬೆಯಲ್ಲಿ ಅದು ಬಿದ್ದದ್ದು ಕಂಡಿತು. ಆಮೆನ್ ಹೇಳ್ರಪ್ಪಾ.

18ನೇ ವಚನದಲ್ಲಿ ಪ್ರವೇಶ ಅನ್ನೋ ಪದ ಇದೆ. ಗ್ರೀಕ್‌ನಲ್ಲಿ ಪ್ರೊಸಗೋಗೆ. ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತೆ: ರೋಮಾ 5:2, ಎಫೆಸ 2:18, 3:12. ಒಬ್ಬನನ್ನು ಅರಸನ ಸನ್ನಿಧಿಗೆ ಕರೆದುಕೊಂಡು ಹೋಗೋದಕ್ಕೂ ಗ್ರೀಕರು ಇದೇ ಮೂಲದ ಪದ ಬಳಸುತ್ತಿದ್ದರು. ಅಂದರೆ ನಾವೇ ದಾರಿ ಮಾಡಿಕೊಂಡು ನುಗ್ಗೋದಲ್ಲ. ಕೈಹಿಡಿದು ಒಳಗೆ ಕರೆದೊಯ್ಯುವವನು ಒಬ್ಬನಿದ್ದಾನೆ. ನಮ್ಮ ಕಡೆಯಿಂದ ಬೇಕಾದದ್ದು ಆತನ ಮೇಲೆ ನಂಬಿಕೆ.

ಯೆಹೂದ್ಯರನ್ನು ಆಡಿಕೊಳ್ಳೋದು ಬೇಡ. ಗೋಡೆ ಕಟ್ಟೋದರಲ್ಲಿ ನಾವೇನು ಹಿಂದೆ ಬಿದ್ದಿಲ್ಲ. ಪಿಜಿಯಲ್ಲಿರುವ ಒಬ್ಬ ತಮ್ಮ ಕೇಳಿದ: ಪಾಸ್ಟರ್, ಮತ್ತೆ ಅದೇ ಪಾಪದಲ್ಲಿ ಬಿದ್ದೆ, ಮೂರು ದಿನ ಉಪವಾಸ ಮಾಡಿ ಆಮೇಲೆ ಪ್ರಾರ್ಥನೆ ಮಾಡ್ಲಾ? ಆ ಮೂರು ದಿನವೇ ಅವನ ಮೂರು ಮೊಳದ ಗೋಡೆ. ಉಪವಾಸ ಒಳ್ಳೇದು, ನಾನೂ ಮಾಡ್ತೀನಿ, ಆದರೆ ಅದು ಒಳಗೆ ಹೋಗೋಕೆ ಕೊಡುವ ಟಿಕೆಟ್ ಅಲ್ಲ. ಇನ್ನು ಕೆಲವರಿಗೆ ಕೀಬೋರ್ಡ್ ಪ್ಯಾಡ್ ಇಲ್ಲದಿದ್ದರೆ ಪ್ರಸನ್ನತೆಯೇ ಇಳಿಯಲ್ಲ. ಪಾಸ್ಟರ್ ಕೈಯಿಟ್ಟರೇ ಕೆಲಸ ಆಗೋದು ಅನ್ನೋರೂ ಇದ್ದಾರೆ. ಅಭಿಷೇಕದ ಎಣ್ಣೆಯನ್ನು ದುಡ್ಡಿಗೆ ಮಾರುವವರ ಬಗ್ಗೆ ನಾನು ಮಾತಾಡಿದರೆ ಟೈಮ್ ಸಾಲಲ್ಲ.

ಹಾಗಾದರೆ ಸಂಡೇ ಸಭೆಗೆ ಬರೋದೇ ಬೇಡ್ವಾ ಅಂತ ಯಾರೋ ಮನಸ್ಸಲ್ಲೇ ಕೇಳ್ತಿದ್ದೀರಿ. ಇಬ್ರಿಯ 10ರಲ್ಲಿ 19ನೇ ವಚನ ಯೇಸುವಿನ ರಕ್ತದ ಮೂಲಕ ಧೈರ್ಯವಾಗಿ ಪ್ರವೇಶಿಸೋ ಬಗ್ಗೆ ಹೇಳುತ್ತೆ, 25ನೇ ವಚನ ಸಭೆಯಾಗಿ ಕೂಡಿಬರೋದನ್ನು ಬಿಡಬೇಡಿ ಅನ್ನುತ್ತೆ. ಎರಡಕ್ಕೂ ನಡುವೆ ಬರೀ ಐದು ವಚನ. ಒಳಗೆ ಬಂದವರು ಒಬ್ಬರನ್ನೊಬ್ಬರು ಹಿಡಿದುಕೊಳ್ಳೋಕೆ ಇಲ್ಲಿ ಸೇರ್ತೀವಿ. ಈ ಹಾಲ್ ಬಾಡಿಗೆದು, ಮಧ್ಯಾಹ್ನ ಒಂದು ಗಂಟೆಗೆ ಬೀಗ ಹಾಕ್ತಾರೆ.

ಎದ್ದು ನಿಲ್ಲೋಣ. ಇವತ್ತು ಮ್ಯೂಸಿಕ್ ಬೇಡ, ವರ್ಶಿಪ್ ಟೀಮ್‌ನವರೂ ಕೆಳಗೆ ಬನ್ನಿ. ಯಾರನ್ನೂ ಮುಂದಕ್ಕೆ ಕರೆಯಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದವರು ಕೂತೇ ಇರಿ. ಈ ವಾರ ಪ್ರಾರ್ಥನೆ ಮಾಡೋಕೆ ಯಾರಿಗೆ ನಾಚಿಕೆ ಆಗಿತ್ತೋ ಅವರು, ನಿಂತ ಜಾಗದಲ್ಲೇ, ನಿಮ್ಮ ಸ್ವಂತ ಮಾತಲ್ಲಿ, ಯೇಸುವಿನ ಹೆಸರಲ್ಲಿ ತಂದೆಯ ಹತ್ತಿರ ಮಾತಾಡಿ. ನಾನೂ ನನ್ನ ಪ್ರಾರ್ಥನೆ ಮಾಡ್ತೀನಿ.